ಬಿರುಕೂ ಮುರಿತವೇ

"ಮೂಳೆ ಮುರಿದಿಲ್ಲ ಸಾರ್, ಸ್ವಲ್ಪ ಬಿರುಕು ಬಿಟ್ಟಿದೆ ಅಷ್ಟೆ." ರಜೆ ಚೀಟಿ ಹಿಡಿದು ಶಾಲೆಗೆ ಬರುವ ತಂದೆ ತಾಯಿಯರ ಬಾಯಲ್ಲಿ ಈ ಮಾತನ್ನು ಪ್ರತಿ ಮಳೆಗಾಲದಲ್ಲೂ ಕೇಳುತ್ತೇನೆ. ಹೇಳುವವರ ಮುಖದಲ್ಲಿ ಒಂದು ಸಮಾಧಾನವೂ ಇರುತ್ತದೆ. ಮುರಿತವೆಂದರೆ ದೊಡ್ಡದು, ಬಿರುಕೆಂದರೆ ಚಿಕ್ಕದು. ಮುರಿದರೆ ಆಸ್ಪತ್ರೆ, ಬಿರುಕಿಗೆ ಎಣ್ಣೆ ತಿಕ್ಕಿ ಬಟ್ಟೆ ಸುತ್ತಿದರೆ ಸಾಕು ಎಂಬ ಲೆಕ್ಕ ನಮ್ಮಲ್ಲಿ ಹಿಂದಿನಿಂದಲೂ ನಡೆದು ಬಂದಿದೆ. ಆದರೆ ವೈದ್ಯರ ಭಾಷೆಯಲ್ಲಿ 'ಫ್ರ್ಯಾಕ್ಚರ್' ಎಂದರೆ ಮೂಳೆಯ ಅಖಂಡತೆಗೆ ಭಂಗ ಬಂದಿದೆ ಎಂದಷ್ಟೇ ಅರ್ಥ. ಅದು ಕೂದಲೆಳೆಯಷ್ಟು ಸಣ್ಣ ಗೆರೆಯಾಗಿರಬಹುದು, ಎರಡು ತುಂಡಾಗಿರಬಹುದು. ಎರಡೂ ಮುರಿತವೇ. ಎರಡಕ್ಕೂ ಬೇಕಾದ ಚಿಕಿತ್ಸೆಯ ಪ್ರಮಾಣ ಬೇರೆ. ಚಿಕಿತ್ಸೆ ಬೇಕೆಂಬುದು ಬೇರೆಯಲ್ಲ.

ಈ ವಾರ ಈ ವಿಷಯವನ್ನೇ ಎತ್ತಿಕೊಂಡಿದ್ದಕ್ಕೆ ನಮ್ಮ ಊರಿನ ರಸ್ತೆಯೂ ಒಂದು ಕಾರಣ. ಮಾಚೇನಹಳ್ಳಿ ಇರುವುದು ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವೆ, ಬೆಂಗಳೂರು-ಹೊನ್ನಾವರ ಹೆದ್ದಾರಿಯ ಮಗ್ಗುಲಲ್ಲಿ. ಇಲ್ಲಿ ಕೈಗಾರಿಕಾ ಪ್ರದೇಶವಿದೆ, ಹಾಲಿನ ಡೈರಿಯಿದೆ. ಪಾಳಿ ಬದಲಾಗುವ ಹೊತ್ತಿಗೂ ಶಾಲೆ ಬಿಡುವ ಹೊತ್ತಿಗೂ ರಸ್ತೆಯಲ್ಲಿ ಲಾರಿ, ಬಸ್ಸು, ಬೈಕು, ಸೈಕಲ್ ಎಲ್ಲ ಒಟ್ಟಿಗೇ ಸೇರುತ್ತವೆ. ಜೂನ್ ತಿಂಗಳಿಂದ ಮಳೆ ಹಿಡಿದರೆ ರಸ್ತೆಯ ಅಂಚಿನ ಕೆಸರು, ಗದ್ದೆ ಬದುವಿನ ಪಾಚಿ, ಶಾಲೆಯ ಮೆಟ್ಟಿಲಿನ ನೀರು, ಇವೆಲ್ಲ ಸೇರಿ ಮಕ್ಕಳ ಕಾಲಿಗೆ ಕಾದು ಕುಳಿತಿರುತ್ತವೆ. ಬಿದ್ದರೆ ಹೋಗಲು ಜಾಗವಿಲ್ಲ ಎನ್ನುವಂತಿಲ್ಲ. ಒಂದು ಕಡೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ಇನ್ನೊಂದು ಕಡೆ ಭದ್ರಾವತಿಯ ಸರ್ಕಾರಿ ಆಸ್ಪತ್ರೆ. ಎರಡೂ ಬಸ್ಸಿನ ದೂರ. ತಡವಾಗುವುದು ದಾರಿಯಲ್ಲಿ ಅಲ್ಲ, ಮನೆಯ ಜಗಲಿಯಲ್ಲಿ. ಹೋಗಬೇಕೋ ಬೇಡವೋ ಎಂದು ತೀರ್ಮಾನ ಮಾಡುವುದರಲ್ಲೇ ಒಂದು ದಿನ, ಎರಡು ದಿನ ಕಳೆದುಹೋಗುತ್ತದೆ.

ಮೂಳೆ ಎಂಬ ಮಿಶ್ರಣ

ಮೊದಲು ಮೂಳೆಯ ಸ್ವಭಾವ ತಿಳಿಯೋಣ. ಭದ್ರಾವತಿಯ ಮಕ್ಕಳಿಗೆ ಇದನ್ನು ಹೇಳುವುದು ಸುಲಭ. 1918ರಲ್ಲಿ ಮೈಸೂರು ಸರ್ಕಾರ ಕೈಗೆತ್ತಿಕೊಂಡು 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆಯ ಊರು ಅದು. ಎರಕದ ಕಬ್ಬಿಣಕ್ಕೆ ಸುತ್ತಿಗೆಯಿಂದ ಹೊಡೆದರೆ ಅದು ಸಿಡಿಯುತ್ತದೆ, ಉಕ್ಕಿನ ಸರಳನ್ನು ಬಗ್ಗಿಸಿದರೆ ಬಾಗುತ್ತದೆ ಎಂದು ಅಲ್ಲಿನ ಎಷ್ಟೋ ಮಕ್ಕಳಿಗೆ ಪಾಠಕ್ಕೆ ಮುಂಚೆಯೇ ಗೊತ್ತಿರುತ್ತದೆ. ಮೂಳೆಯಲ್ಲಿ ಈ ಎರಡೂ ಗುಣಗಳು ಕೂಡಿವೆ. ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಕ್ಯಾಲ್ಸಿಯಂ ಮತ್ತು ರಂಜಕ ಸೇರಿದ ಖನಿಜ. ಇದು ಗಡಸುತನ ಕೊಡುತ್ತದೆ. ಉಳಿದದ್ದರಲ್ಲಿ ಮುಖ್ಯವಾದುದು ಕೊಲ್ಯಾಜನ್ ಎಂಬ ಪ್ರೋಟೀನಿನ ನಾರು. ಇದು ಬಾಗುವ ಶಕ್ತಿ ಕೊಡುತ್ತದೆ.

ವಿದ್ಯಾರ್ಥಿಗಳು ಮನೆಯಲ್ಲೇ ಇದನ್ನು ಪರೀಕ್ಷಿಸಬಹುದು. ಚೆನ್ನಾಗಿ ತೊಳೆದ ಕೋಳಿಯ ಕಾಲಿನ ಮೂಳೆಯೊಂದನ್ನು ವಿನಿಗರ್‌ನಲ್ಲಿ ಮುಳುಗಿಸಿ ಒಂದು ವಾರ ಬಿಡಿ. ನಡುವೆ ಒಂದೆರಡು ಸಲ ವಿನಿಗರ್ ಬದಲಾಯಿಸಿ. ಆಮ್ಲವು ಖನಿಜವನ್ನು ಕರಗಿಸಿ ನಾರನ್ನು ಮಾತ್ರ ಉಳಿಸುತ್ತದೆ. ಮೂಳೆ ರಬ್ಬರಿನಂತೆ ಬಾಗುತ್ತದೆ. ಇದಕ್ಕೆ ವಿರುದ್ಧವಾಗಿ ಒಲೆಯ ಕೆಂಡದಲ್ಲಿ ಸುಟ್ಟ ಮೂಳೆಯಲ್ಲಿ ನಾರು ಸುಟ್ಟುಹೋಗಿ ಖನಿಜ ಉಳಿದಿರುತ್ತದೆ. ಬೆರಳಿನಲ್ಲಿ ಒತ್ತಿದರೆ ಪುಡಿಯಾಗುತ್ತದೆ.

ಮಕ್ಕಳ ಮೂಳೆ ದೊಡ್ಡವರ ಮೂಳೆಗಿಂತ ಹೆಚ್ಚು ಬಾಗುತ್ತದೆ. ಒಣಗಿದ ಸೌದೆ ಲಟಕ್ಕನೆ ಎರಡಾಗುತ್ತದೆ, ಹಸಿ ಕಡ್ಡಿಯನ್ನು ಬಗ್ಗಿಸಿದರೆ ಒಂದು ಕಡೆ ಸೀಳಿ ಇನ್ನೊಂದು ಕಡೆ ಬಾಗಿಕೊಂಡು ನಿಲ್ಲುತ್ತದೆಯಲ್ಲವೇ? ಮಕ್ಕಳ ಮೂಳೆ ಹೀಗೆ ಸೀಳುವುದನ್ನು ವೈದ್ಯರು ಹಸಿಕಡ್ಡಿ ಮುರಿತ ಎಂದೇ ಕರೆಯುತ್ತಾರೆ. ಇನ್ನೊಂದು ಮುಖ್ಯ ವ್ಯತ್ಯಾಸವಿದೆ. ಬೆಳೆಯುವ ಮಕ್ಕಳ ಉದ್ದ ಮೂಳೆಗಳ ತುದಿಯ ಬಳಿ ಮೃದ್ವಸ್ಥಿಯ ಒಂದು ಪದರವಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಈ ಬೆಳವಣಿಗೆಯ ಪದರ ಪಕ್ಕದ ಅಸ್ಥಿಬಂಧಕ್ಕಿಂತ ದುರ್ಬಲ. ಆದ್ದರಿಂದ ದೊಡ್ಡವರಿಗೆ ಬರೀ ಉಳುಕಾಗುವಂಥ ಪೆಟ್ಟಿಗೆ ಮಕ್ಕಳಲ್ಲಿ ಮೂಳೆಯ ಅಂಚೇ ಸೀಳಬಹುದು. ಆ ಪದರಕ್ಕೆ ಆದ ಪೆಟ್ಟನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ ಮುಂದೆ ಕಾಲು ಗಿಡ್ಡವಾಗುವ ಅಥವಾ ಸೊಟ್ಟಗೆ ಬೆಳೆಯುವ ಸಂಭವವುಂಟು. "ಮಕ್ಕಳ ಮೂಳೆ, ತಾನೇ ಕೂಡಿಕೊಳ್ಳುತ್ತೆ ಬಿಡಿ" ಎಂಬ ಮಾತು ಅರ್ಧ ನಿಜ. ಕೂಡಿಕೊಳ್ಳುತ್ತದೆ, ಹೌದು, ನೇರವಾಗಿ ಕೂಡಿಕೊಂಡಿತೇ ಎಂಬುದನ್ನು ನೋಡುವವರು ಬೇಕು.

ಉಳುಕೋ, ಮುರಿತವೋ?

"ಎದ್ದು ನಡೆದನಲ್ಲ, ಹಾಗಾದರೆ ಮುರಿದಿಲ್ಲ" ಎಂಬುದು ನಮ್ಮ ಎರಡನೆಯ ನಂಬಿಕೆ. ಮೊಣಕಾಲಿನ ಕೆಳಗೆ ಎರಡು ಮೂಳೆಗಳಿವೆ. ಮುಂದಿನ ದಪ್ಪ ಮೂಳೆ ಟಿಬಿಯಾ. ದೇಹದ ಭಾರದ ಬಹುಪಾಲನ್ನು ಹೊರುವುದು ಅದು. ಹೊರಮಗ್ಗುಲಿನ ತೆಳ್ಳಗಿನ ಮೂಳೆ ಫಿಬ್ಯುಲಾ. ಅದರ ಪಾಲಿಗೆ ಬರುವ ಭಾರ ಸ್ವಲ್ಪ. ಪಾದದ ಗಂಟಿನ ಹೊರಗಡೆ ಕೈಗೆ ಸಿಗುವ ಗುಬುಟು ಅದರ ಕೆಳತುದಿ. ಕಾಲು ಹೊರಳಿ ಬಿದ್ದಾಗ ಸೀಳುವುದು ಹೆಚ್ಚಾಗಿ ಈ ತುದಿಯೇ. ಭಾರ ಹೊರುವ ಮೂಳೆ ಗಟ್ಟಿಯಾಗಿರುವುದರಿಂದ ಫಿಬ್ಯುಲಾ ಸೀಳಿದವರು ಕುಂಟುತ್ತಾ ನಡೆದು ಮನೆಗೆ ಬರುವುದುಂಟು.

ಹಾಗಾದರೆ ತಿಳಿಯುವುದು ಹೇಗೆ? ಕೆನಡಾದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಇದಕ್ಕೊಂದು ಸರಳ ಸೂತ್ರ ಪ್ರಕಟಿಸಿದರು. ಇಂದು ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ಅದು ಬಳಕೆಯಲ್ಲಿದೆ. ಪಾದದ ಗಂಟಿನ ಭಾಗ ನೋಯುತ್ತಿರುವಾಗ ಎರಡು ವಿಷಯ ನೋಡಬೇಕು. ಒಂದು, ಬಿದ್ದ ಕೂಡಲೇ ಮತ್ತು ವೈದ್ಯರ ಮುಂದೆ ನಾಲ್ಕು ಹೆಜ್ಜೆ ಇಡಲು ಆಗುತ್ತದೆಯೇ? ಕುಂಟಿದರೂ ಲೆಕ್ಕಕ್ಕೆ ಬರುತ್ತದೆ. ಎರಡು, ಗಂಟಿನ ಒಳಗಿನ ಮತ್ತು ಹೊರಗಿನ ಗುಬುಟುಗಳ ತುದಿಯನ್ನೋ ಹಿಂಬದಿಯ ಅಂಚನ್ನೋ ಬೆರಳಿನಿಂದ ಒತ್ತಿದರೆ ಮೂಳೆಯ ಮೇಲೇ ನೋವಿದೆಯೇ? ಪಾದದ ನಡುಭಾಗದಲ್ಲಿ ನೋವಿದ್ದರೆ ಕಿರುಬೆರಳಿನ ಸಾಲಿನಲ್ಲಿ ಪಾದದ ಮಧ್ಯಕ್ಕೆ ಉಬ್ಬಿರುವ ಮೂಳೆಯನ್ನೂ, ಅದಕ್ಕೆ ಎದುರಾಗಿ ಒಳಮಗ್ಗುಲಿನ ಮೂಳೆಯನ್ನೂ ಒತ್ತಿ ನೋಡುತ್ತಾರೆ. ಹೆಜ್ಜೆ ಇಡಲಾಗದಿದ್ದರೆ ಅಥವಾ ಈ ಜಾಗಗಳಲ್ಲಿ ನೋವಿದ್ದರೆ ಎಕ್ಸ್-ರೇ ಬೇಕು. ಎರಡೂ ಇಲ್ಲದಿದ್ದರೆ ಮುರಿತವಿರುವ ಸಂಭವ ತೀರಾ ಕಡಿಮೆ.

ಗಮನಿಸಿ, ಇದು ಪಾದದ ಗಂಟಿಗೆ ಮತ್ತು ಪಾದದ ನಡುಭಾಗಕ್ಕೆ ಮಾತ್ರ ಅನ್ವಯಿಸುವ ಸೂತ್ರ. ಮಂಡಿ, ಮೊಣಕಾಲಿನ ಕೆಳಗಿನ ಉದ್ದ ಮೂಳೆ, ತೊಡೆ ಇವುಗಳಿಗೆ ಅಲ್ಲ. ಪುಟ್ಟ ಮಕ್ಕಳಿಗೂ ಅಲ್ಲ. ಅವು ಎಲ್ಲಿ ಒತ್ತಿದರೂ ಅಳುತ್ತವೆ. ಎರಡು ಮೂರು ವರ್ಷದ ಮಗು ಜಾರಿ ಬಿದ್ದ ಮೇಲೆ ಕಾಲೂರಲು ಒಪ್ಪುತ್ತಿಲ್ಲವೆಂದರೆ, ಊತ ಕಾಣದಿದ್ದರೂ ವೈದ್ಯರಿಗೆ ತೋರಿಸುವುದೇ ಸರಿ.

ಮೊದಲ ಅರ್ಧ ಗಂಟೆ

ಬಿದ್ದ ಮಗುವನ್ನು ಎಬ್ಬಿಸಿ ನಡೆಸಿ ನೋಡುವ ಆತುರ ಬೇಡ. ನೋವಿರುವ ಕಾಲನ್ನು ತಿಕ್ಕುವುದು, ಎಳೆಯುವುದು, "ಸರಕ್ಕನೆ ಕೂರಿಸುವುದು" ಖಂಡಿತ ಬೇಡ. ಸೀಳಿದ ಮೂಳೆಯ ಚೂಪಾದ ಅಂಚು ಪಕ್ಕದ ರಕ್ತನಾಳವನ್ನೂ ನರವನ್ನೂ ಗಾಯಗೊಳಿಸಬಹುದು. ಶೂ, ಕಾಲ್ಗೆಜ್ಜೆ, ಕಾಲುಂಗುರ ಇದ್ದರೆ ಮೊದಲು ನಿಧಾನವಾಗಿ ತೆಗೆಯಿರಿ. ಊತ ಏರಿದ ಮೇಲೆ ಅವನ್ನು ಕತ್ತರಿಸಬೇಕಾಗುತ್ತದೆ. ಮಂಜುಗಡ್ಡೆ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ, ಚರ್ಮಕ್ಕೆ ನೇರವಾಗಿ ತಾಗಿಸಬೇಡಿ. ಬಿಸಿ ಹುಣಸೆ ಪಟ್ಟು, ಬಿಸಿನೀರಿನ ಶಾಖ ಮೊದಲ ಎರಡು ದಿನ ಬೇಡ. ಶಾಖದಿಂದ ರಕ್ತನಾಳಗಳು ಹಿಗ್ಗಿ ಊತ ಹೆಚ್ಚುತ್ತದೆ.

ಕಾಲು ಅಲುಗದಂತೆ ಆಧಾರ ಕೊಡುವುದು ಮುಖ್ಯ. ಇದಕ್ಕೆ ವಿಶೇಷ ಸಾಮಾನು ಬೇಕಿಲ್ಲ. ಹಳೆಯ ದಿನಪತ್ರಿಕೆಗಳ ದಪ್ಪ ಸುರುಳಿ, ರಟ್ಟಿನ ಪೆಟ್ಟಿಗೆಯ ತುಂಡು ಅಥವಾ ಒಂದು ದಿಂಬು ಸಾಕು. ಮಂಡಿಯಿಂದ ಪಾದದವರೆಗೆ ಎರಡೂ ಮಗ್ಗುಲಿಗೆ ಇಟ್ಟು, ಟವೆಲ್ಲಿನಿಂದಲೋ ಹಳೇ ಸೀರೆಯ ಪಟ್ಟಿಯಿಂದಲೋ ಮೂರು ನಾಲ್ಕು ಕಡೆ ಸಡಿಲವಾಗಿ ಕಟ್ಟಿ. ಗಂಟು ನೋವಿನ ಜಾಗದ ಮೇಲೆ ಬಾರದಿರಲಿ. ಕಾಲಿನ ಬೆರಳುಗಳು ಕಾಣುವಂತಿರಲಿ.

ಕಾಲು ಸೊಟ್ಟಗಾಗಿದ್ದರೆ, ಚರ್ಮ ಹರಿದು ಮೂಳೆಯ ಬಳಿ ಗಾಯವಾಗಿದ್ದರೆ ಅಥವಾ ಪಾದ ತಣ್ಣಗೆ ಬಿಳಿಚಿದ್ದರೆ ಅದು ಚಿಕ್ಕ ಮುರಿತವಲ್ಲ. ಗಾಯಕ್ಕೆ ಶುಭ್ರ ಬಟ್ಟೆ ಮುಚ್ಚಿ ಕೂಡಲೇ 108ಕ್ಕೆ ಕರೆ ಮಾಡಿ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ವೈದ್ಯರು ನೋಡುವವರೆಗೆ ಊಟ ತಿಂಡಿ ಕೊಡದಿರುವುದು ಒಳ್ಳೆಯದು. ರಸ್ತೆ ಅಪಘಾತದಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತು ಎಂಬ ಹೆದರಿಕೆ ಹಲವರಲ್ಲಿ ಇನ್ನೂ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಹೀಗೆ ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಟ್ಟಿದೆ.

ಗೆರೆ ಕಾಣುವ ಬೆಳಕು

1895ರ ನವೆಂಬರ್ 8ರಂದು ಜರ್ಮನಿಯ ವಿಲ್ಹೆಲ್ಮ್ ರಾಂಟ್‌ಜೆನ್ ಹೊಸ ಬಗೆಯ ಕಿರಣವೊಂದನ್ನು ಗುರುತಿಸಿದರು. ಏನೆಂದು ತಿಳಿಯದ್ದಕ್ಕೆ ಗಣಿತದವರು ಇಡುವ ಹೆಸರನ್ನೇ, 'ಎಕ್ಸ್' ಎಂದು, ಅದಕ್ಕೂ ಇಟ್ಟರು. ಅದೇ ಡಿಸೆಂಬರಿನಲ್ಲಿ ಅವರ ಪತ್ನಿಯ ಕೈಯ ಮೂಳೆಗಳು, ಬೆರಳಿನ ಉಂಗುರ ಸಮೇತ, ಚಿತ್ರದಲ್ಲಿ ಮೂಡಿದವು. 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ಅವರಿಗೇ ಬಂತು. ಆ ಸಂಶೋಧನೆಗೆ ಅವರು ಪೇಟೆಂಟ್ ಪಡೆಯಲಿಲ್ಲ. ಇಂದು ತಾಲ್ಲೂಕು ಆಸ್ಪತ್ರೆಯಲ್ಲೂ ಎಕ್ಸ್-ರೇ ಸಿಗುತ್ತದೆಂದರೆ ಅದರ ಹಿಂದೆ ಈ ಔದಾರ್ಯವೂ ಇದೆ.

ಕ್ಯಾಲ್ಸಿಯಂ ತುಂಬಿದ ಮೂಳೆ ಕಿರಣವನ್ನು ಹೀರಿಕೊಳ್ಳುವುದರಿಂದ ಬೆಳ್ಳಗೆ ಕಾಣುತ್ತದೆ. ಮಾಂಸದ ಮೂಲಕ ಕಿರಣ ಹಾದುಹೋಗುವುದರಿಂದ ಆ ಭಾಗ ಕಪ್ಪಾಗುತ್ತದೆ. ಬಿರುಕು ಬಿಳಿಯ ನಡುವಿನ ಕಪ್ಪು ಗೆರೆ. ಮುಂದಿನಿಂದ ನೋಡಿದಾಗ ಕಾಣದ ಗೆರೆ ಮಗ್ಗುಲಿನಿಂದ ಕಾಣಬಹುದಾದ್ದರಿಂದ ಎರಡು ಕೋನಗಳಿಂದ ಚಿತ್ರ ತೆಗೆಯುತ್ತಾರೆ. ಎರಡು ಚಿತ್ರಕ್ಕೆ ದುಡ್ಡು ಕೇಳಿದರೆಂದು ಸಿಟ್ಟಾಗಬೇಡಿ. "ಮಗುವಿಗೆ ಕಿರಣ ತಾಗಿದರೆ ಕೆಡುಕಲ್ಲವೇ?" ಎಂದು ತಾಯಂದಿರು ಕೇಳುತ್ತಾರೆ. ನೆಲದಿಂದ, ಆಕಾಶದಿಂದ ನಮಗೆ ಪ್ರತಿದಿನ ಸ್ವಾಭಾವಿಕವಾಗಿಯೇ ವಿಕಿರಣ ತಾಗುತ್ತಿರುತ್ತದೆ. ಪಾದದ ಗಂಟಿನ ಒಂದು ಎಕ್ಸ್-ರೇಯಿಂದ ಸಿಗುವುದು ಆ ಒಂದು ದಿನದ ಪ್ರಮಾಣಕ್ಕಿಂತ ಕಡಿಮೆ.

ಕೂದಲೆಳೆಯ ಬಿರುಕು ಅಥವಾ ಬೆಳವಣಿಗೆಯ ಪದರದ ಪೆಟ್ಟು ಮೊದಲ ದಿನದ ಚಿತ್ರದಲ್ಲಿ ಕಾಣಿಸದೆ ಇರಬಹುದು. ಹತ್ತರಿಂದ ಹದಿನಾಲ್ಕು ದಿನ ಕಳೆದ ಮೇಲೆ, ಮೂಳೆ ದುರಸ್ತಿ ಕೆಲಸ ಶುರುಮಾಡಿದಾಗ ಅದು ಸ್ಪಷ್ಟವಾಗುತ್ತದೆ. ಆದ್ದರಿಂದ "ಈಗ ಏನೂ ಕಾಣುತ್ತಿಲ್ಲ, ಪಟ್ಟಿ ಹಾಕಿರುತ್ತೇನೆ, ಎರಡು ವಾರ ಬಿಟ್ಟು ಬನ್ನಿ" ಎಂದು ವೈದ್ಯರು ಹೇಳಿದರೆ ಅದು ದುಡ್ಡಿನ ಆಸೆಯ ಮಾತಲ್ಲ, ಎಚ್ಚರಿಕೆಯ ಮಾತು. ಎಕ್ಸ್-ರೇಯನ್ನು ಜೋಪಾನವಾಗಿಡಿ. ಮುಂದಿನ ಸಲ ಹೋಲಿಸಿ ನೋಡಲು ಅದೇ ಬೇಕು.

ಸಿಮೆಂಟಲ್ಲ, ಜಿಪ್ಸಂ

"ಕಾಲಿಗೆ ಸಿಮೆಂಟ್ ಹಾಕಿದ್ದಾರೆ" ಎನ್ನುತ್ತೇವೆ. ಅದು ಪ್ಲಾಸ್ಟರ್ ಆಫ್ ಪ್ಯಾರಿಸ್. ಪ್ಯಾರಿಸ್ ನಗರದ ಮೋಮಾರ್ತ್ರ್ ಗುಡ್ಡದಲ್ಲಿ ಜಿಪ್ಸಂ ಹೇರಳವಾಗಿ ಸಿಗುತ್ತಿದ್ದುದರಿಂದ ಆ ಹೆಸರು ಬಂತು. ಹತ್ತನೇ ತರಗತಿಯ ಮಕ್ಕಳು ಇದನ್ನು ಓದಿರುತ್ತಾರೆ. ಜಿಪ್ಸಂ ಎಂದರೆ ಎರಡು ಅಣು ನೀರನ್ನು ಕಟ್ಟಿಕೊಂಡ ಕ್ಯಾಲ್ಸಿಯಂ ಸಲ್ಫೇಟ್. ಹದವಾಗಿ ಕಾಯಿಸಿದರೆ ಆ ನೀರಿನ ನಾಲ್ಕರಲ್ಲಿ ಮೂರು ಪಾಲು ಹೋಗಿ ಬಿಳಿಯ ಪುಡಿ ಉಳಿಯುತ್ತದೆ. ಪುಡಿಗೆ ಮತ್ತೆ ನೀರು ಸೇರಿಸಿದರೆ ಅದು ಮೊದಲಿನಂತೆ ಜಿಪ್ಸಂ ಆಗಿ, ಹರಳುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಈ ಕ್ರಿಯೆಯಲ್ಲಿ ಶಾಖ ಹೊರಬರುತ್ತದೆ. ಪಟ್ಟಿ ಹಾಕುವಾಗ ಕಾಲು ಬೆಚ್ಚಗಾಗುವುದು ಅದಕ್ಕೇ.

ಪುಡಿಯನ್ನು ಬಟ್ಟೆಯ ಸುರುಳಿಗೆ ಹಚ್ಚಿಟ್ಟು, ಬೇಕಾದಾಗ ನೀರಿನಲ್ಲಿ ಅದ್ದಿ ಸುತ್ತುವ ಉಪಾಯ ಮಾಡಿದವರು ಡಚ್ ಸೇನಾ ವೈದ್ಯ ಆಂಟೋನಿಯಸ್ ಮಥೈಸನ್; 1850ರ ದಶಕದ ಆರಂಭದ ಮಾತು. ಕೆಲವೇ ವರ್ಷಗಳಲ್ಲಿ ರಷ್ಯಾದ ನಿಕೊಲಾಯ್ ಪಿರೋಗೋವ್ ಕ್ರಿಮಿಯಾ ಯುದ್ಧದ ಗಾಯಾಳುಗಳಿಗೆ ಪ್ಲಾಸ್ಟರ್ ಪಟ್ಟಿಯನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದರು.

ಪ್ಲಾಸ್ಟರ್ ಕೆಲವು ನಿಮಿಷಗಳಲ್ಲಿ ಗಟ್ಟಿಯಾದರೂ ಒಳಗಿನ ತೇವ ಪೂರ್ತಿ ಆರಲು ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ಭಾರ ಬಿಡಬಾರದು, ಒಲೆಯ ಮುಂದೆ ಒಣಗಿಸಬಾರದು. ಮೊದಲ ದಿನವೇ ಸುತ್ತಲೂ ಪೂರ್ತಿ ಪಟ್ಟಿ ಹಾಕದೆ, ಹಿಂಬದಿಗೆ ಮಾತ್ರ ಅರ್ಧ ಪಟ್ಟಿ ಇಟ್ಟು ಬಟ್ಟೆ ಸುತ್ತಿ ಕಳಿಸುವುದುಂಟು. ಊತ ಏರಲು ಜಾಗವಿರಲಿ ಎಂದು ಹಾಗೆ ಮಾಡುತ್ತಾರೆ. ಊತ ಇಳಿದ ಮೇಲೆ ಪೂರ್ತಿ ಪಟ್ಟಿ. ಈಗ ಫೈಬರ್ ಪಟ್ಟಿಯೂ ಬಂದಿದೆ. ಹಗುರ, ಬೇಗ ಒಣಗುತ್ತದೆ, ಬೆಲೆ ಹೆಚ್ಚು. ಸಾಮಾನ್ಯ ಬಿರುಕನ್ನು ಕೂಡಿಸುವ ಕೆಲಸದಲ್ಲಿ ಪ್ಲಾಸ್ಟರ್ ಹಿಂದೆ ಬಿದ್ದಿಲ್ಲ. ಪಟ್ಟಿಯೊಳಗೆ ತುರಿಕೆ ಎಂದು ಪೆನ್ಸಿಲ್ಲು, ಸ್ಕೇಲು, ಕಡ್ಡಿ ತೂರಿಸಬೇಡಿ ಮಕ್ಕಳೇ. ಒಳಗೆ ಗೀರಾದರೆ ಕಾಣುವುದಿಲ್ಲ, ಕೀವಾದ ಮೇಲೆ ವಾಸನೆಯಿಂದಲೇ ತಿಳಿಯುವುದು.

ಬಿಗಿಯ ಅಪಾಯ

ನಮ್ಮ ಕಡೆ ಇಂದಿಗೂ ಮೂಳೆ ಕಟ್ಟುವ ನಾಟಿ ವೈದ್ಯರಿದ್ದಾರೆ. ಆಂಧ್ರದ ಪುತ್ತೂರು ಕಟ್ಟಿನ ಹೆಸರು ಕೇಳದವರು ಕಡಿಮೆ. ಈ ವಿದ್ಯೆಯನ್ನು ಹಗುರವಾಗಿ ಮಾತಾಡುವುದು ನನ್ನ ಉದ್ದೇಶವಲ್ಲ. ಮರದ ತೊಗಟೆಯ ಪಟ್ಟಿ ಇಟ್ಟು ಬಟ್ಟೆ ಸುತ್ತುವ ಕ್ರಮವನ್ನು ಸುಶ್ರುತ ಸಂಹಿತೆ ವಿವರವಾಗಿ ಹೇಳುತ್ತದೆ. ಕಟ್ಟು ಸಡಿಲವಾದರೆ ಸಂಧಿ ಗಟ್ಟಿಯಾಗಿ ನಿಲ್ಲುವುದಿಲ್ಲ, ಬಿಗಿಯಾದರೆ ಊತ, ನೋವು, ಕೀವು ಆಗುತ್ತದೆ ಎಂಬ ಎಚ್ಚರಿಕೆ ಅಲ್ಲೇ ಇದೆ. ತಂಪು ಕಾಲದಲ್ಲಿ ಏಳು ದಿನಕ್ಕೊಮ್ಮೆ, ಸಮಶೀತೋಷ್ಣದಲ್ಲಿ ಐದು ದಿನಕ್ಕೊಮ್ಮೆ, ಸೆಕೆಯಲ್ಲಿ ಮೂರು ದಿನಕ್ಕೊಮ್ಮೆ ಕಟ್ಟು ಬಿಚ್ಚಿ ಕಟ್ಟಬೇಕೆಂಬ ನಿಯಮವೂ ಇದೆ. ಶಾಸ್ತ್ರ ಹೇಳಿದ ಈ ಎಚ್ಚರವನ್ನು ಕಟ್ಟುವವರೆಲ್ಲ ಪಾಲಿಸುತ್ತಾರೆಯೇ ಎಂಬುದಷ್ಟೇ ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ಒಂಬತ್ತನೇ ತರಗತಿಯ ನಮ್ಮ ಹುಡುಗನೊಬ್ಬ ಸಂಜೆ ಸೈಕಲ್ಲಿನಿಂದ ಜಾರಿ ಬಿದ್ದ. ಕುಂಟುತ್ತಾ ಮನೆಗೆ ಹೋದ. "ಉಳುಕು ಕಣೋ, ಕಟ್ಟಿಸಿದರೆ ಸರಿಹೋಗುತ್ತೆ" ಎಂದರು ತಾತ. ಹತ್ತಿರದ ಹಳ್ಳಿಯವರೊಬ್ಬರು ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಸುತ್ತಿದರು. ರಾತ್ರಿ ಹನ್ನೊಂದರ ಹೊತ್ತಿಗೆ ಹುಡುಗ ನೋವು ತಡೆಯಲಾರದೆ ಅಳತೊಡಗಿದ. "ಮೂಳೆ ಕೂಡುವಾಗ ನೋಯೋದು ಸಹಜ, ತಡ್ಕೋ ಮಗಾ" ಎಂದರು ಮನೆಯ ಹಿರಿಯರು. ತಾಯಿಗೆ ಸಮಾಧಾನವಾಗಲಿಲ್ಲ. ದೀಪ ಹಚ್ಚಿ ನೋಡಿದರೆ ಬೆರಳುಗಳು ಬಿಳಿಚಿದ್ದವು, ಮುಟ್ಟಿದರೆ ತಣ್ಣಗಿದ್ದವು; ಮುಟ್ಟಿದ್ದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಆಕೆ ಯಾರನ್ನೂ ಕೇಳದೆ ಕತ್ತರಿ ತಂದು ಕಟ್ಟನ್ನು ಉದ್ದಕ್ಕೂ ಕತ್ತರಿಸಿದರು. ಅರ್ಧ ಗಂಟೆಯಲ್ಲಿ ಬೆರಳುಗಳಿಗೆ ಬಣ್ಣ ಬಂತು. ಆ ರಾತ್ರಿಯೇ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಎಕ್ಸ್-ರೇಯಲ್ಲಿ ಕಂಡದ್ದು ಫಿಬ್ಯುಲಾದ ತುದಿಯಲ್ಲಿ ಒಂದು ಸಣ್ಣ ಗೆರೆ. ಐದು ವಾರದ ಪಟ್ಟಿಗೆ ವಾಸಿಯಾಯಿತು. ಬಿರುಕು ಅವನ ಕಾಲಿಗೆ ಅಪಾಯ ತಂದಿರಲಿಲ್ಲ, ಕಟ್ಟು ತಂದಿತ್ತು.

ಹೀಗೇಕೆ ಆಗುತ್ತದೆ? ಕಾಲಿನ ಸ್ನಾಯುಗಳು ಹಿಗ್ಗದ ಗಟ್ಟಿ ಪೊರೆಗಳ ಕೋಣೆಗಳೊಳಗೆ ಇರುತ್ತವೆ. ಪೆಟ್ಟಾದಾಗ ಒಳಗೆ ಊತ ಬರುತ್ತದೆ. ಹೊರಗಿನಿಂದ ಬಿಗಿಯಾಗಿ ಕಟ್ಟಿದರೆ ಊತಕ್ಕೆ ಹೋಗಲು ಜಾಗವಿಲ್ಲದೆ ಒಳಗಿನ ಒತ್ತಡ ಏರಿ ಸಣ್ಣ ರಕ್ತನಾಳಗಳನ್ನು ಮುಚ್ಚಿಬಿಡುತ್ತದೆ. ರಕ್ತವಿಲ್ಲದೆ ಸ್ನಾಯು ಕೆಲವೇ ಗಂಟೆಗಳಲ್ಲಿ ಸಾಯತೊಡಗುತ್ತದೆ. ಬಿಗಿಯಾದ ಪಟ್ಟಿಯಿಂದ ಸ್ನಾಯು ಸತ್ತು ಅಂಗ ಸೊಟ್ಟಗಾಗುವುದನ್ನು ಜರ್ಮನಿಯ ರಿಚರ್ಡ್ ವೋಲ್ಕ್‌ಮನ್ 1881ರಲ್ಲೇ ವಿವರಿಸಿದ್ದರು. ಪಟ್ಟಿ ಹಾಕಿದವರು ನಾಟಿ ವೈದ್ಯರೋ, ದೊಡ್ಡ ಆಸ್ಪತ್ರೆಯ ತಜ್ಞರೋ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಪ್ಲಾಸ್ಟರ್ ಪಟ್ಟಿಯೂ ಊತ ಏರಿದಾಗ ಬಿಗಿಯಾಗಬಹುದು.

ಆದ್ದರಿಂದ ಪೋಷಕರೇ, ಮೊದಲ ಎರಡು ದಿನ ಕೆಲವು ಗಂಟೆಗಳಿಗೊಮ್ಮೆ ಒಂದು ಸಣ್ಣ ಪರೀಕ್ಷೆ ಮಾಡಿ. ಕಾಲಿನ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಡಿ. ಬಿಳಿಚಿದ ಉಗುರಿಗೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಬೆರಳು ಅಲ್ಲಾಡಿಸಲು ಹೇಳಿ. ಮುಟ್ಟಿದ್ದು ತಿಳಿಯುತ್ತದೆಯೇ ಕೇಳಿ. ಕಾಲನ್ನು ದಿಂಬಿನ ಮೇಲೆ ಎತ್ತರಕ್ಕೆ ಇಡಿ. ಮಾತ್ರೆಗೂ ಬಗ್ಗದೆ ನೋವು ಏರುತ್ತಿದ್ದರೆ, ಬೆರಳನ್ನು ಮೇಲಕ್ಕೆ ಎತ್ತಿದಾಗ ಮೀನಖಂಡ ಸಿಡಿಯುವಂತೆ ನೋಯುತ್ತಿದ್ದರೆ, ಬೆರಳು ಜೋಮು ಹಿಡಿದು ತಣ್ಣಗಾದರೆ, ಬೆಳಗಾಗಲಿ ಎಂದು ಕಾಯಬೇಡಿ. ಮೂಳೆ ಕೂಡುವಾಗ ಹಾಗೆ ನೋಯುವುದಿಲ್ಲ. ಪಟ್ಟಿ ಹಾಕಿದ ಮೇಲೆ ನೋವು ಇಳಿಯಬೇಕು, ಏರಬಾರದು.

ಕಾಲವೇ ಕೂಡಿಸುವುದು

ಮೂಳೆಯನ್ನು ಕೂಡಿಸುವುದು ಪಟ್ಟಿಯಲ್ಲ, ದೇಹ. ಪಟ್ಟಿ ಮಾಡುವುದು ಅಲುಗದಂತೆ ಹಿಡಿಯುವ ಕೆಲಸ. ಬಿರುಕಿನಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರದಲ್ಲಿ ಮೃದುವಾದ ಬೆಸುಗೆ ಕಟ್ಟುತ್ತದೆ. ಅದಕ್ಕೆ ಕ್ಯಾಲ್ಸಿಯಂ ಸೇರಿ ಗಟ್ಟಿ ಬೆಸುಗೆಯಾಗುತ್ತದೆ. ಆಮೇಲೆ ತಿಂಗಳುಗಟ್ಟಲೆ ದೇಹ ಅದನ್ನು ತಿದ್ದಿ ತೀಡುತ್ತದೆ. ಮಕ್ಕಳಲ್ಲಿ ಬೇಗ, ವಯಸ್ಸಾದವರಲ್ಲಿ ನಿಧಾನ. ಬಾಲ್ಯದಲ್ಲಿ ಒಂದು ತಿಂಗಳು, ನಡುವಯಸ್ಸಿನಲ್ಲಿ ಅದರ ಎರಡರಷ್ಟು, ಮುಪ್ಪಿನಲ್ಲಿ ಮೂರರಷ್ಟು ಎಂದು ಸುಶ್ರುತ ಸಂಹಿತೆ ಹೇಳಿದ ಲೆಕ್ಕ ಇಂದಿನ ವೈದ್ಯರ ಅನುಭವಕ್ಕೂ ದೂರವಿಲ್ಲ. ನಿಖರವಾಗಿ ಎಷ್ಟು ವಾರ ಎಂಬುದು ಯಾವ ಮೂಳೆ, ಎಂಥ ಗೆರೆ ಎಂಬುದರ ಮೇಲೆ ನಿಂತಿದೆ. ನೋವು ಹೋಯಿತೆಂದು ನಾವೇ ಪಟ್ಟಿ ಕತ್ತರಿಸುವಂತಿಲ್ಲ. ನೋವು ಹೋಗುವುದು ಮೊದಲು, ಮೂಳೆ ಗಟ್ಟಿಯಾಗುವುದು ಆಮೇಲೆ.

ಊಟದ ವಿಷಯದಲ್ಲಿ ದುಬಾರಿ ಡಬ್ಬಿಗಳ ಹಿಂದೆ ಹೋಗಬೇಕಿಲ್ಲ. ಪ್ರೌಢಶಾಲೆಯ ಮಕ್ಕಳಿಗೆ ದಿನಕ್ಕೆ ಸುಮಾರು 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಒಂದು ಲೋಟ ಹಾಲಿನಲ್ಲಿ 200ಕ್ಕೂ ಹೆಚ್ಚು ಇರುತ್ತದೆ. ಮುದ್ದೆ, ಮಜ್ಜಿಗೆ, ಸೊಪ್ಪು, ಎಳ್ಳಿನ ಚಟ್ನಿಪುಡಿ, ಜೊತೆಗೆ ಬೇಳೆಯೋ ಮೊಟ್ಟೆಯೋ ಇದ್ದರೆ ಸಾಕು. ಕ್ಯಾಲ್ಸಿಯಂ ಹೀರಿಕೊಳ್ಳಲು ಬೇಕಾದ 'ಡಿ' ಜೀವಸತ್ವಕ್ಕಾಗಿ ಕಾಲು ಚಾಚಿ ಅಂಗಳದ ಬಿಸಿಲಿನಲ್ಲಿ ಕೂರುವುದು ಒಳ್ಳೆಯದು. ಮಂಗರಬಳ್ಳಿಯ ಬಗ್ಗೆ ಹಲವರು ಕೇಳುತ್ತಾರೆ. ಉಡುಪಿ ಕಡೆಯವರಾದ, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಡಾ. ಕೆ.ಎನ್. ಉಡುಪ ಮತ್ತು ಸಂಗಡಿಗರು 1960ರ ದಶಕದಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಅದರಿಂದ ಬೆಸುಗೆ ಬೇಗ ಕಟ್ಟುತ್ತದೆಂದು ವರದಿ ಮಾಡಿದ್ದರು. ಅದು ಆಸಕ್ತಿಯ ವಿಷಯವೇ. ಆದರೆ ಯಾವ ಬಳ್ಳಿಯೂ ಸೊಟ್ಟಗಿರುವ ಮೂಳೆಯನ್ನು ನೇರ ಮಾಡಲಾರದು. ಬೀಡಿ ಸಿಗರೇಟು ಸೇದಿದರೆ ಮೂಳೆ ಕೂಡುವುದು ನಿಧಾನವಾಗುತ್ತದೆ ಎಂಬುದು ಮಾತ್ರ ಚೆನ್ನಾಗಿ ಸಾಬೀತಾದ ಸಂಗತಿ, ಇದು ದೊಡ್ಡವರಿಗೆ.

ಪಟ್ಟಿ ಬಿಚ್ಚಿದ ದಿನ ಮೀನಖಂಡ ಸಣಕಲಾಗಿರುತ್ತದೆ, ಚರ್ಮ ಒಣಗಿ ಸುಲಿಯುತ್ತದೆ, ಗಂಟು ಬಗ್ಗುವುದಿಲ್ಲ. ಹೆದರಬೇಡಿ. ಬಳಸದ ಸ್ನಾಯು ಸೊರಗುವುದು ಸಹಜ. ವೈದ್ಯರು ಹೇಳಿಕೊಟ್ಟ ವ್ಯಾಯಾಮ ಮಾಡಿದರೆ ಮತ್ತೆ ತುಂಬಿಕೊಳ್ಳುತ್ತದೆ. ಕಬಡ್ಡಿ, ಫುಟ್‌ಬಾಲ್ ಮಾತ್ರ ವೈದ್ಯರ ಒಪ್ಪಿಗೆಯ ಮೇಲೆ.

ಖರ್ಚು ಮತ್ತು ಶಾಲೆ

ಚಿಕ್ಕ ಬಿರುಕಿಗೆ ಬೇಕಾಗುವುದು ಎಕ್ಸ್-ರೇ, ಪಟ್ಟಿ, ನೋವಿನ ಮಾತ್ರೆ, ಮತ್ತೊಂದು ಭೇಟಿ. ಸರ್ಕಾರಿ ಆಸ್ಪತ್ರೆಯಲ್ಲಿ ಇವೆಲ್ಲ ಸಿಗುತ್ತವೆ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ತಂದೆ ತಾಯಿಗೆ ಇಎಸ್ಐ ಇದ್ದರೆ ಅದರ ಚಿಕಿತ್ಸೆ ಮಕ್ಕಳಿಗೂ ಉಂಟು. ಎಷ್ಟೋ ಜನ ಸಂಬಳದಲ್ಲಿ ಹಣ ಕಡಿತವಾದರೂ ಇದನ್ನು ಬಳಸುವುದೇ ಇಲ್ಲ. ಖಾಸಗಿ ಆಸ್ಪತ್ರೆಗೆ ಹೋದರೆ ಒಟ್ಟು ಖರ್ಚೆಷ್ಟು ಎಂದು ಮೊದಲೇ ಕೇಳಲು ಸಂಕೋಚ ಬೇಡ. ಚಿಕ್ಕ ಗೆರೆಗೆ ಶಸ್ತ್ರಚಿಕಿತ್ಸೆ ಬೇಕೆಂದರೆ ಯಾಕೆ ಎಂದು ಕೇಳಿ, ಇನ್ನೊಬ್ಬ ಮೂಳೆ ತಜ್ಞರಿಗೂ ಎಕ್ಸ್-ರೇ ತೋರಿಸಿ. ವಾಹನ ತಾಗಿ ಬಿದ್ದದ್ದಾದರೆ "ಮೆಟ್ಟಿಲಿನಿಂದ ಜಾರಿದ" ಎಂದು ಬರೆಸಬೇಡಿ. ಆಸ್ಪತ್ರೆಯ ದಾಖಲೆಯಲ್ಲಿ ನಿಜ ಇಲ್ಲದಿದ್ದರೆ ಮುಂದೆ ವಿಮೆಯ ಪರಿಹಾರ ಕೇಳಲು ಕಷ್ಟವಾಗುತ್ತದೆ.

ಶಾಲೆಯ ಮಾತು. ಕಾಲಿಗೆ ಪಟ್ಟಿ ಇದ್ದ ಮಾತ್ರಕ್ಕೆ ಐದು ವಾರ ಮನೆಯಲ್ಲೇ ಕೂರಬೇಕಾಗಿಲ್ಲ. ವೈದ್ಯರು ಒಪ್ಪಿದರೆ ಕಂಕುಳುಕೋಲು ಹಿಡಿದು ಬರಬಹುದು. ಭಾರವನ್ನು ಕಂಕುಳಿನ ಮೇಲೆ ಹಾಕದೆ ಅಂಗೈಯ ಮೇಲೆ ಹಾಕಬೇಕು. ಕಂಕುಳಿನಲ್ಲಿ ಒತ್ತಿದರೆ ನರಕ್ಕೆ ಪೆಟ್ಟಾಗಿ ಕೈ ಜೋಮು ಹಿಡಿಯುತ್ತದೆ. ವೈದ್ಯರ ಪ್ರಮಾಣಪತ್ರವನ್ನು ಶಾಲೆಗೆ ಕೊಡಿ. ಹಾಜರಾತಿ ಲೆಕ್ಕಕ್ಕೆ ಅದು ಬೇಕಾಗುತ್ತದೆ. ತರಗತಿ ಮಹಡಿಯಲ್ಲಿದ್ದರೆ ಕೆಲವು ವಾರ ಕೆಳಗೆ ನಡೆಸಲು ಮುಖ್ಯೋಪಾಧ್ಯಾಯರನ್ನು ಕೇಳಿ. ಒಬ್ಬ ಹುಡುಗನಿಗಾಗಿ ಒಂದು ತರಗತಿ ಕೆಳಗಿಳಿಯುವುದು ದೊಡ್ಡ ವಿಷಯವಲ್ಲ. ಪುಸ್ತಕದ ಚೀಲ ಹೊರಲು ಸ್ನೇಹಿತರು ತಾವಾಗಿಯೇ ಮುಂದೆ ಬರುತ್ತಾರೆ. ಪಟ್ಟಿಯ ಮೇಲೆ ಹೆಸರು ಬರೆಯಲೂ ಅವರೇ ಬರುತ್ತಾರೆ. ಬರೆಯಲಿ, ಆದರೆ ಅದು ಪೂರ್ತಿ ಆರಿದ ಮೇಲೆ, ಮೂರನೆಯ ದಿನದ ನಂತರ.